ತಿರುವಿನ ಕಿರುದಾರಿಗಳಿಗೆ ಎರಡನೇ ಬೈಕಾಗಿ ಹಗುರವಾದ ಸೂಪರ್‌ಮೋಟೊ ಸರಿಯೇ?

ದೊಡ್ಡ ಬೈಕ್ ಈಗಾಗಲೇ ಇದ್ದರೆ ಧಾರಾಳವಾಗಿ ತಗೊಳ್ಳಿ. ಸೂಪರ್‌ಮೋಟೊ ಅಂದರೆ ಡರ್ಟ್ ಬೈಕಿಗೆ 17 ಇಂಚಿನ ಚಕ್ರ, ರಸ್ತೆ ಟೈರು ಹಾಕಿದ ಹಾಗೆ. ಸಸ್ಪೆನ್ಷನ್ ಬಹಳ ಆಳಕ್ಕೆ ಕುಸಿದು ಏಳುವುದರಿಂದ ಹಾಳಾದ ಡಾಂಬರಿನಲ್ಲೂ ಹಿಡಿತ ಚೆನ್ನಾಗಿರುತ್ತದೆ. ಅಗಲದ ಹ್ಯಾಂಡಲ್, ಕಡಿಮೆ ತೂಕ. ತಿರುವಿನಲ್ಲಿ ಸಲೀಸಾಗಿ ವಾಲುತ್ತದೆ. ಸುಜುಕಿ ಡಿಆರ್-ಝಡ್400ಎಸ್‌ಎಂ ಸುಮಾರು 146 ಕೆ.ಜಿ. ಅಷ್ಟೇ. ಶಕ್ತಿ ಸಾಧಾರಣ ನಿಜ, ಆದರೆ ಇರುವಷ್ಟನ್ನೂ ಕಿರುದಾರಿಯಲ್ಲೇ ಬಳಸಬಹುದು. ಲೀಟರ್ ಬೈಕಿನಲ್ಲಿ (ಅಂದರೆ 1000 ಸಿಸಿ ಬೈಕಿನಲ್ಲಿ) ಅದು ಕನಸು. ಹೆದ್ದಾರಿಯಲ್ಲಿ ಮಾತ್ರ ಗಾಳಿ ನೇರ ಎದೆಗೆ, ಸೀಟೂ ಕಿರಿದು, ಟ್ಯಾಂಕ್ 10 ಲೀಟರು. ಸೀಟಿನ ಎತ್ತರ 890 ಮಿ.ಮೀ., ಹಾಗಾಗಿ ಕೂತು ನೋಡಿಯೇ ಕೊಳ್ಳಿ. ರೇಸಿಗೆಂದೇ ಮಾಡಿದ 450 ಸಿಸಿ ಬೈಕುಗಳ ಸಹವಾಸ ಬೇಡ: ಅವುಗಳಲ್ಲಿ ಆಯಿಲ್, ಪಿಸ್ಟನ್ ಬದಲಿಸುವ ಲೆಕ್ಕ ಕಿಲೋಮೀಟರಿನಲ್ಲಲ್ಲ, ಎಂಜಿನ್ ಓಡಿದ ಗಂಟೆಗಳಲ್ಲಿ.