ರೋಮನ್ ಸಾಮ್ರಾಜ್ಯದ ಜನ ತಮ್ಮನ್ನು ಯಾರೆಂದುಕೊಂಡಿದ್ದರು? ಅದು ನಮಗೆ ತಿಳಿಯುವುದು ಹೇಗೆ?

ನೀವು ಕೇಳಿರುವುದು ಎರಡು ವಿಷಯ. ಬ್ರಿಟನ್ನಿನಿಂದ ಸಿರಿಯಾವರೆಗಿನ ಜನರೆಲ್ಲ ತಮ್ಮನ್ನು ರೋಮನ್ನರೆಂದೇ ತಿಳಿದಿದ್ದರೇ? ಸತ್ತು ಸುಮಾರು ಎರಡು ಸಾವಿರ ವರ್ಷವಾದವರ ಮನಸ್ಸಿನಲ್ಲಿದ್ದದ್ದನ್ನು ಇತಿಹಾಸಕಾರರು ಯಾವ ಆಧಾರದ ಮೇಲೆ ಹೇಳುತ್ತಾರೆ? ಎರಡನೆಯದರಿಂದಲೇ ಶುರು ಮಾಡುತ್ತೇನೆ. ಮನಸ್ಸಿನಲ್ಲಿ ಏನಿತ್ತೆಂದು ಯಾರೂ ಹೇಳಲಾರರು. ಒಬ್ಬ ಮನುಷ್ಯ ಯಾವ ಸಂದರ್ಭದಲ್ಲಿ, ಯಾರ ಮುಂದೆ, ತನ್ನನ್ನು ಏನೆಂದು ತೋರಿಸಿಕೊಂಡ ಎಂಬುದನ್ನಷ್ಟೇ ಹೇಳಬಹುದು. ಈ ಕ್ಷೇತ್ರದ ಕೆಲಸವೆಲ್ಲ ಈ ಮಿತಿಯೊಳಗೇ ನಡೆಯುತ್ತದೆ.

ಒಂದು ಕಲ್ಲನ್ನು ಹತ್ತಿರದಿಂದ ನೋಡೋಣ. ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಸೌತ್ ಶೀಲ್ಡ್ಸ್‌ನಲ್ಲಿ 1878ರಲ್ಲಿ ಸಿಕ್ಕ ಸಮಾಧಿ ಶಿಲೆ ಅದು, ಕ್ರಿ.ಶ. ಎರಡನೆಯ ಶತಮಾನದ್ದು. ಬೆತ್ತದ ಕುರ್ಚಿಯ ಮೇಲೆ ಒಬ್ಬ ಹೆಂಗಸು ಕುಳಿತಿದ್ದಾಳೆ. ಮುಖ ಒಡೆದುಹೋಗಿದೆ. ಒಂದು ಕೈ ತೆರೆದ ಒಡವೆ ಪೆಟ್ಟಿಗೆಯ ಮೇಲಿದೆ, ಮಡಿಲಲ್ಲಿ ನೂಲುವ ಕದಿರು, ಪಕ್ಕದಲ್ಲಿ ಉಣ್ಣೆಯುಂಡೆಗಳ ಬುಟ್ಟಿ. ಕೆಳಗಿನ ಲ್ಯಾಟಿನ್ ಬರಹದ ಪ್ರಕಾರ ಆಕೆ ರೆಜಿನಾ, ಪಾಲ್ಮೈರಾದ ಬರಾಟೆಸ್ ಎಂಬಾತನ ದಾಸಿಯಾಗಿದ್ದು ಬಿಡುಗಡೆ ಪಡೆದವಳು, ಆಮೇಲೆ ಅವನ ಹೆಂಡತಿ, ಕುಲದಿಂದ ಕಟುವೆಲ್ಲೌನಿ, ವಯಸ್ಸು 30. ಅದರ ಕೆಳಗೆ ಪಾಲ್ಮೈರಾದ ಅರಾಮಿಕ್ ಲಿಪಿಯಲ್ಲಿ ಒಂದೇ ಸಾಲು: ರೆಜಿನಾ, ಬರಾಟೆಯ ಬಿಡುಗಡೆಯ ದಾಸಿ, ಅಯ್ಯೋ.

ಪಾಲ್ಮೈರಾ ಸಿರಿಯಾದ ಮರುಭೂಮಿಯ ನಗರ. ಕಟುವೆಲ್ಲೌನಿಗಳು ಲಂಡನ್ನಿನ ಉತ್ತರದ ಸೀಮೆಯ ಬ್ರಿಟಿಷ್ ಬುಡಕಟ್ಟಿನವರು. ಮೊದಲ ನೋಟಕ್ಕೆ ‘ರೋಮನ್ ಸಂಸ್ಕೃತಿ ಎಲ್ಲರನ್ನೂ ಬೆಸೆಯಿತು’ ಎನಿಸುತ್ತದೆ. ಆದರೆ ಇಲ್ಲಿ ಬಗೆಬಗೆಯ ಸಾಕ್ಷ್ಯ ಒಂದರ ಪಕ್ಕ ಒಂದಿದೆ, ಒಂದೊಂದನ್ನೂ ಬೇರೆಯಾಗಿ ಓದಬೇಕು. ಚಿತ್ರ ತೋರಿಸುವುದು ಆದರ್ಶ ರೋಮನ್ ಗೃಹಿಣಿಯನ್ನು, ಏಕೆಂದರೆ ಉಣ್ಣೆ ನೂಲುವುದು ರೋಮಿನಲ್ಲಿ ಸದ್ಗುಣದ ಗುರುತಾಗಿತ್ತು. ಲ್ಯಾಟಿನ್ ಬರಹದಲ್ಲಿ ವಿಭಕ್ತಿ ತಪ್ಪಿದೆ. ಅರಾಮಿಕ್ ಅಕ್ಷರಗಳು ಮಾತ್ರ ಸಲೀಸಾಗಿ ಹರಿದಿವೆ, ಅಂದರೆ ಕೆತ್ತಿದವನಿಗೆ ಆ ಲಿಪಿಯೇ ಹೆಚ್ಚು ರೂಢಿಯಿದ್ದಿರಬೇಕು. ಹೆಂಡತಿ, ಕುಲ, ವಯಸ್ಸು ಎಲ್ಲ ಲ್ಯಾಟಿನ್ನಿನಲ್ಲಿವೆ. ದುಃಖ ಮಾತ್ರ ಅರಾಮಿಕ್‌ನಲ್ಲಿ. ಆ ಗಡಿಯೂರಿನಲ್ಲಿ ಅರಾಮಿಕ್ ಓದಬಲ್ಲವರು ಬಹಳ ಮಂದಿ ಇದ್ದಿರಲಾರರು, ಆದರೂ ಆ ಸಾಲು ಬೇಕೆನಿಸಿತು. ಎಲ್ಲಕ್ಕಿಂತ ಮುಖ್ಯವಾಗಿ, ಕಲ್ಲು ನಿಲ್ಲಿಸಿದ್ದು ರೆಜಿನಾ ಅಲ್ಲ. ಅವಳನ್ನು ಒಮ್ಮೆ ಆಸ್ತಿಯಾಗಿ ಇಟ್ಟುಕೊಂಡಿದ್ದವನು. ಅವಳು ತನ್ನನ್ನು ಏನೆಂದು ಕರೆದುಕೊಳ್ಳುತ್ತಿದ್ದಳೋ ಈ ಕಲ್ಲು ಹೇಳುವುದಿಲ್ಲ. ‘ರೆಜಿನಾಳ ಅಸ್ಮಿತೆ’ ಎಂದು ಬರೆಯುವವರು ಹೆಚ್ಚಾಗಿ ಎಡವುವುದು ಇಲ್ಲೇ.

ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ಉತ್ತರ ಇಂಗ್ಲೆಂಡಿನಲ್ಲಿ ರೋಮನ್ನರು ಕಟ್ಟಿದ ಗಡಿಗೋಡೆಯಾದ ಹೇಡ್ರಿಯನ್ ಗೋಡೆಯ ಸಮೀಪದ ಕಾರ್ಬ್ರಿಜ್‌ನಲ್ಲಿ 68 ವರ್ಷ ಬದುಕಿದ ಇನ್ನೊಬ್ಬ ಪಾಲ್ಮೈರಾದವನ ಸಮಾಧಿ ಶಿಲೆ ಸಿಕ್ಕಿದೆ. ಅವನೇ ಈ ಬರಾಟೆಸ್ ಎಂದು ಅನೇಕರು ಬರೆಯುತ್ತಾರೆ. ಪ್ರಕಟಿತ ಪಾಠವನ್ನು ತೆರೆದು ನೋಡಿ: ಹೆಸರಿನ ಮೊದಲ ಭಾಗ ಚೌಕ ಕಂಸದಲ್ಲಿದೆ. ಶಾಸನಗಳನ್ನು ಪ್ರಕಟಿಸುವಾಗ ಬಳಸುವ ಲೈಡನ್ ಪದ್ಧತಿಯಲ್ಲಿ ಚೌಕ ಕಂಸವೆಂದರೆ ಕಲ್ಲಿನಲ್ಲಿ ಅಳಿದುಹೋಗಿದ್ದನ್ನು ಸಂಪಾದಕರು ಊಹಿಸಿ ತುಂಬಿದ್ದು, ದುಂಡು ಕಂಸವೆಂದರೆ ಸಂಕ್ಷೇಪವನ್ನು ಬಿಡಿಸಿದ್ದು. ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳನ್ನು ಬಳಸಿದವರಿಗೆ ಇಂಥ ಎಚ್ಚರ ಹೊಸದಲ್ಲ. ಕಂಸ ನೋಡದೆ ವಾದ ಕಟ್ಟಿದರೆ ಸಂಪಾದಕರ ಊಹೆಯೇ ನಮ್ಮ ಪುರಾವೆಯಾಗಿಬಿಡುತ್ತದೆ.

ಹೆಸರುಗಳಲ್ಲೂ ಇದೇ ಎಚ್ಚರ ಬೇಕು. ಲಿಬಿಯಾದ ಲೆಪ್ಸಿಸ್ ಮ್ಯಾಗ್ನಾದಲ್ಲಿ ಕ್ರಿ.ಶ. 1–2ರಲ್ಲಿ ರಂಗಮಂದಿರ ಕಟ್ಟಿಸಿದವನ ಹೆಸರು ಅನ್ನೋಬಲ್ ಟಪಾಪಿಯಸ್ ರೂಫಸ್. ಅನ್ನೋಬಲ್ ಎಂದರೆ ಹ್ಯಾನಿಬಲ್, ಅಪ್ಪಟ ಪ್ಯೂನಿಕ್ (ಕಾರ್ಥೇಜಿನವರ ಭಾಷೆಯ) ಹೆಸರು. ಕೊನೆಯ ರೂಫಸ್ ಲ್ಯಾಟಿನ್. ಶಾಸನ ಎರಡೂ ಭಾಷೆಯಲ್ಲಿದೆ, ಅದರಲ್ಲಿ ಊರಿನ ಹಳೆಯ ಪ್ಯೂನಿಕ್ ಅಧಿಕಾರ ಪದವಿಯೂ ರೋಮನ್ ಪೌರೋಹಿತ್ಯವೂ ಒಟ್ಟಿಗೇ ಬರುತ್ತವೆ. ಇಂಥ ಕಡೆ ‘ಎಷ್ಟು ಪಾಲು ರೋಮನ್’ ಎಂದು ಅಳೆಯಲು ಹೋಗಬಾರದು. ತನ್ನ ಊರಿನಲ್ಲಿ ದೊಡ್ಡವನಾಗಲು ಅವನಿಗೆ ಎರಡೂ ಬೇಕಾಗಿದ್ದವು. ಇನ್ನೊಂದು ತೊಡಕು: ಗ್ರೀಕ್ ಹೆಸರಿದ್ದವನು ಗ್ರೀಕನೇ ಆಗಬೇಕಿಲ್ಲ, ಒಡೆಯರು ಗುಲಾಮರಿಗೆ ಗ್ರೀಕ್ ಹೆಸರಿಡುವುದು ವಾಡಿಕೆಯಾಗಿತ್ತು. ಕ್ರಿ.ಶ. 212ರಲ್ಲಿ ಚಕ್ರವರ್ತಿ ಕ್ಯಾರಕಲ್ಲಾ ಸಾಮ್ರಾಜ್ಯದ ಹೆಚ್ಚುಕಡಿಮೆ ಎಲ್ಲ ಸ್ವತಂತ್ರರಿಗೂ ಪೌರತ್ವ ಕೊಟ್ಟ ಮೇಲೆ ಅವನ ಕುಟುಂಬದ ಹೆಸರಾದ ‘ಔರೇಲಿಯಸ್’ ಇಟ್ಟುಕೊಂಡವರು ಎಲ್ಲೆಲ್ಲೂ ಕಾಣಿಸಿಕೊಳ್ಳುತ್ತಾರೆ. ಅದು ಕಾನೂನಿನ ಗುರುತು, ಬದುಕು ರಾತ್ರೋರಾತ್ರಿ ಬದಲಾಯಿತೆಂದಲ್ಲ.

ವಸ್ತುಗಳನ್ನು ನಂಬುವುದು ಇನ್ನೂ ಕಷ್ಟ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳು (ದಿನಾರಿಗಳು) ಸಿಕ್ಕಿವೆ. ಅದರಿಂದ ಅಲ್ಲಿ ರೋಮನ್ನರಿದ್ದರೆಂದು ಯಾರೂ ಹೇಳುವುದಿಲ್ಲ, ವ್ಯಾಪಾರವಿತ್ತು ಎನ್ನುತ್ತೇವೆ. ಆದರೆ ಬ್ರಿಟನ್ನಿನ ಹಳ್ಳಿಯೊಂದರಲ್ಲಿ ಗಾಲ್‌ನ (ಈಗಿನ ಫ್ರಾನ್ಸ್ ಕಡೆಯ) ಕೆಂಪು ಮಡಕೆ ಸಿಕ್ಕರೆ ‘ಹಳ್ಳಿ ರೋಮನೀಕರಣವಾಯಿತು’ ಎಂದು ಬಹಳ ಕಾಲ ಬರೆಯಲಾಯಿತು. ಮಡಕೆ ಬಂದದ್ದಷ್ಟೇ ಸಾಲದು. ಅದರಲ್ಲಿ ಏನು ಬಡಿಸಿದರು, ಪಕ್ಕದಲ್ಲಿ ಯಾವ ಪ್ರಾಣಿಯ ಮೂಳೆ ಇತ್ತು, ಅಡುಗೆಯ ಪಾತ್ರೆಯ ಆಕಾರ ಬದಲಾಯಿತೇ ಎಂದು ನೋಡಬೇಕು.

ಈ ಪಾಠವನ್ನು ಗಟ್ಟಿಯಾಗಿ ಕಲಿಸಿದ್ದು ಇಂಗ್ಲೆಂಡಿನ ವಿಂಚೆಸ್ಟರಿನ ಲ್ಯಾಂಕ್‌ಹಿಲ್ಸ್ ಸ್ಮಶಾನ. 1967ರಿಂದ 1972ರವರೆಗೆ ಅಲ್ಲಿ ನಡೆದ ಉತ್ಖನನದಲ್ಲಿ ನಾಲ್ಕನೆಯ ಶತಮಾನದ ಕೆಲವು ಸಮಾಧಿಗಳು ಬೇರೆಯಾಗಿ ಕಂಡವು. ಗಂಡಸರ ಮೈಮೇಲೆ ಅಡ್ಡಬಿಲ್ಲಿನಾಕಾರದ ಬ್ರೋಚ್ (ಬಟ್ಟೆಗೆ ಚುಚ್ಚುವ ಪಿನ್ನು) ಮತ್ತು ಸೊಂಟಪಟ್ಟಿ, ಹೆಂಗಸರ ಮೈಮೇಲೆ ಕಡಗಗಳು. ಇವರು ಡ್ಯಾನ್ಯೂಬ್ ತೀರದ ಪನ್ನೋನಿಯಾದಿಂದ ಬಂದವರೆಂದು ತೀರ್ಮಾನವಾಯಿತು. ಮುಂದೆ 2006ರಲ್ಲಿ, 2009ರಲ್ಲಿ ಹಲ್ಲುಗಳ ಐಸೋಟೋಪ್ (ಒಂದೇ ಮೂಲವಸ್ತುವಿನ ಬೇರೆಬೇರೆ ತೂಕದ ಪರಮಾಣುಗಳ ಪ್ರಮಾಣ) ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಹಲ್ಲಿನ ಎನಾಮೆಲ್ ಬಾಲ್ಯದಲ್ಲಿ ಕಟ್ಟಿಕೊಳ್ಳುತ್ತದೆ, ಆಮೇಲೆ ಬದಲಾಗುವುದಿಲ್ಲ. ಅದರಲ್ಲಿನ ಸ್ಟ್ರಾನ್ಷಿಯಂ ಆ ನೆಲದ ಬಂಡೆಯನ್ನು, ಆಮ್ಲಜನಕ ಕುಡಿದ ನೀರನ್ನು ಸೂಚಿಸುತ್ತದೆ. ‘ಪರದೇಶಿ’ ವೇಷದ ಕೆಲವರು ಅಲ್ಲೇ ಸುತ್ತಮುತ್ತ ಬೆಳೆದವರಾಗಿದ್ದರು, ಸ್ಥಳೀಯ ರೀತಿಯಲ್ಲಿ ಮಣ್ಣಾದ ಕೆಲವರು ದೂರದಿಂದ ಬಂದವರಾಗಿದ್ದರು. ಉಡುಪು ಹುಟ್ಟೂರಿನ ಪುರಾವೆಯಲ್ಲ. ಐಸೋಟೋಪ್ ಕೂಡ ಪವಾಡವೇನಲ್ಲ. ಒಂದೇ ಬಗೆಯ ಬಂಡೆ ಹತ್ತಾರು ಕಡೆ ಇರುತ್ತದೆ, ನೀರು ಕುದಿಸಿದರೂ ಬಿಯರ್ ತಯಾರಿಸಿದರೂ ಆಮ್ಲಜನಕದ ಅಂಕಿ ಸರಿಯುತ್ತದೆ, ವಲಸಿಗರ ಮಕ್ಕಳು ಸ್ಥಳೀಯರಾಗಿಯೇ ಕಾಣುತ್ತಾರೆ. ‘ಇವನು ಇಲ್ಲಿ ಬೆಳೆದವನಲ್ಲ’ ಎಂಬುದನ್ನು ಅದು ಚೆನ್ನಾಗಿ ಹೇಳುತ್ತದೆ, ‘ಇಂಥ ಕಡೆಯವನು’ ಎಂಬುದನ್ನು ಅಷ್ಟು ಚೆನ್ನಾಗಿ ಹೇಳಲಾರದು.

ಸಿದ್ಧಾಂತಗಳ ಬಗ್ಗೆ ಚುಟುಕಾಗಿ. ‘ರೋಮನೀಕರಣ’ ಎಂಬ ಚೌಕಟ್ಟನ್ನು ಬ್ರಿಟನ್ನಿಗೆ ಗಟ್ಟಿಯಾಗಿ ಹೂಡಿದವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರೆದ ಫ್ರಾನ್ಸಿಸ್ ಹ್ಯಾವರ್‌ಫೀಲ್ಡ್. ಅದು ಬ್ರಿಟಿಷ್ ಸಾಮ್ರಾಜ್ಯದ ಕಾಲ, ನಾಗರಿಕತೆ ಹಂಚುವ ಸಾಮ್ರಾಜ್ಯದ ಚಿತ್ರ ಓದುಗರಿಗೆ ಸಹಜವೆನಿಸಿತು. 1990ರಲ್ಲಿ ಮಾರ್ಟಿನ್ ಮಿಲೆಟ್ ಸ್ಥಳೀಯ ಗಣ್ಯರೇ ತಮ್ಮ ಲಾಭಕ್ಕೆ ರೋಮನ್ ರೀತಿಯನ್ನು ಎತ್ತಿಕೊಂಡರೆಂದರು. 2001ರಲ್ಲಿ ಜೇನ್ ವೆಬ್‌ಸ್ಟರ್ ಕ್ರಿಯೋಲ್ (ಸಂಸ್ಕೃತಿಗಳು ಬೆರೆತು ಹೊಸದೊಂದು ಹುಟ್ಟುವ) ಮಾದರಿಯನ್ನು ಮುಂದಿಟ್ಟು ಕೆಳವರ್ಗದತ್ತ ಗಮನ ಸೆಳೆದರು. ನನ್ನ ಮಟ್ಟಿಗೆ ಕೆಲಸಕ್ಕೆ ಹೆಚ್ಚು ಒದಗುವುದು ಡೇವಿಡ್ ಮ್ಯಾಟಿಂಗ್ಲಿಯವರ ದಾರಿ. ಸೈನಿಕರು, ಪಟ್ಟಣಿಗರು, ಹಳ್ಳಿಗರು ಒಂದೇ ಸಾಮ್ರಾಜ್ಯವನ್ನು ಬೇರೆಬೇರೆಯಾಗಿ ಅನುಭವಿಸಿದರೆಂದು ಹಿಡಿದು ಸಾಕ್ಷ್ಯವನ್ನು ಮೊದಲೇ ವಿಂಗಡಿಸುತ್ತದೆ ಅದು. ಸಮಾಧಿ ಶಿಲೆಗಳು ಸೈನಿಕರ ಕಡೆಗೆ, ಹಣವಂತರ ಕಡೆಗೆ ವಾಲುತ್ತವೆ. ಬ್ರಿಟನ್ನಿನ ಬಹುಪಾಲು ಜನರಾಗಿದ್ದ ರೈತರು ಕಲ್ಲಿನಲ್ಲಿ ಏನೂ ಬರೆಸಲಿಲ್ಲ.

ನೀವೇ ಕೈಯಿಟ್ಟು ನೋಡಬೇಕೆಂದರೆ ರೋಮನ್ ಇನ್‌ಸ್ಕ್ರಿಪ್ಷನ್ಸ್ ಆಫ್ ಬ್ರಿಟನ್ ಜಾಲತಾಣ ಉಚಿತವಾಗಿದೆ. ರೆಜಿನಾಳ ಕಲ್ಲು 1065ನೇ ಸಂಖ್ಯೆ, ಕಾರ್ಬ್ರಿಜ್‌ನದು 1171. ಒಂದೇ ಊರಿನ ಇಪ್ಪತ್ತು ಶಾಸನ ಆರಿಸಿಕೊಂಡು ಪ್ರತಿಯೊಂದಕ್ಕೂ ಹೀಗೆ ಬರೆದಿಡಿ: ಕಲ್ಲಿಗೆ ದುಡ್ಡು ಕೊಟ್ಟವರು ಯಾರು, ಭಾಷೆ ಯಾವುದು, ಊರು ಅಥವಾ ಕುಲ ಹೇಳಿದ್ದಾರೆಯೇ, ಚಿತ್ರದಲ್ಲಿ ಉಡುಪು ಏನು, ಕಂಸದೊಳಗಿರುವುದು ಎಷ್ಟು. ಬರಹ ಮತ್ತು ಚಿತ್ರ ಒಂದಕ್ಕೊಂದು ಹೊಂದದ ಶಾಸನಗಳನ್ನು ಬೇರೆ ಇಟ್ಟು ಮೊದಲು ಅವನ್ನೇ ಓದಿ.