ಬ್ಯಾಟರಿ ಫುಲ್ ಇದ್ದರೂ ಮಿಕ್ಸಿ ಹಾಕಿದರೆ ಇನ್ವರ್ಟರ್ ಕೂಗುತ್ತದೆ, 5 ಕೆವಿಎಯ ದೊಡ್ಡ ಇನ್ವರ್ಟರ್ ತಗೊಳ್ಳಲಾ?

ಬೇಡ. ಸಕಲೇಶಪುರದ ಕಡೆ ಲೈನ್ ಬರದ ತೋಟದ ಮನೆ, 24 ವೋಲ್ಟಿನ ಸೋಲಾರ್ ಇನ್ವರ್ಟರ್, 150 ಎಎಚ್‌ನ ಎರಡು ಬ್ಯಾಟರಿ, ದೊಡ್ಡ ಲೋಡ್ ಹಾಕಿದ ಕೂಡಲೇ ‘ಲೋ ಬ್ಯಾಟರಿ’, ಮೇಲೆ ಗೀಸರ್, ಇಂಡಕ್ಷನ್ ಒಲೆ ಹಾಕುವ ಆಸೆ. ನಿಮ್ಮ ಪ್ರಶ್ನೆ ಓದುವಾಗ ಇದನ್ನು ನಾನೇ ಬರೆದು ಮರೆತಿದ್ದೆನೋ ಅನ್ನಿಸಿತು. ನಮ್ಮದು ಕುದುರೆಮುಖದ ಕಾಡಿನಂಚು, ಕರೆಂಟ್ ಕಂಬ ಇವತ್ತಿಗೂ ಗುಡ್ಡದ ಆಚೆಗೇ ನಿಂತಿದೆ.

ನಮ್ಮಲ್ಲಿ ಬೆಳಿಗ್ಗೆ ಅಮ್ಮ ಹುಳಿಗೆ ಕಾಯಿ ರುಬ್ಬುತ್ತಿರುತ್ತಾರೆ, ನಾನು ಇಸ್ತ್ರಿಪೆಟ್ಟಿಗೆ ಹಾಕಿರುತ್ತೇನೆ. ಅಷ್ಟರಲ್ಲಿ ಫ್ರಿಜ್ಜಿನ ಕಂಪ್ರೆಸರ್ ಶುರುವಾಯಿತೋ, ಕೀಂ ಕೀಂ ಅಂತ ಕೂಗಿ ಎಲ್ಲ ಬಂದ್. “ನಿನ್ನ ಸೋಲಾರಿಗಿಂತ ನಮ್ಮ ಒರಳೇ ವಾಸಿ ಮಾರಾಯ” ಅಂತ ಅಮ್ಮನ ಮಂಗಳಾರತಿ ಬೇರೆ. ಡಿಸ್ಟಿಲ್ಡ್ ವಾಟರ್ ಹಾಕಿದೆ, ಟರ್ಮಿನಲ್ ಉಜ್ಜಿದೆ, ಏನೂ ಆಗಲಿಲ್ಲ. ಇನ್ವರ್ಟರೇ ‘ಲೋ ಬ್ಯಾಟರಿ’ ಅನ್ನುವಾಗ ಬ್ಯಾಟರಿಯೇ ಕೆಟ್ಟಿದೆ ಅಂತ ನಂಬಿ, ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಟ್ಟು, ಮೇಲೆ ಮೂವತ್ತು ಸಾವಿರ ಚಿಲ್ಲರೆ ಸುರಿದು ಹೊಸ ಜೋಡಿ ತಂದೆ. ಹೊಸದರಲ್ಲೂ ಅದೇ ಕೂಗು.

ಆಮೇಲೆ ಭಾವ ಬಂದರು, ಕೈಯಲ್ಲಿ ಮಲ್ಟಿಮೀಟರ್. ಮಿಕ್ಸಿ, ಇಸ್ತ್ರಿಪೆಟ್ಟಿಗೆ ಎರಡನ್ನೂ ಹಾಕಿಸಿ ಮೊದಲು ಬ್ಯಾಟರಿಯ ಟರ್ಮಿನಲ್ಲಿಗೇ ಕಡ್ಡಿ ಮುಟ್ಟಿಸಿದರು: 24.1. ಆಮೇಲೆ ಇನ್ವರ್ಟರಿಗೆ ಕೇಬಲ್ ಸೇರುವಲ್ಲಿ ಮುಟ್ಟಿಸಿದರು: 21.6. ಮಧ್ಯೆ ಎರಡೂವರೆ ವೋಲ್ಟ್ ಮಾಯ! ಇನ್ವರ್ಟರ್ ಕಡಿದುಕೊಳ್ಳುವುದು 21ರ ಹತ್ತಿರ. ಫ್ರಿಜ್ ಒಮ್ಮೆ ಜಗ್ಗಿದರೆ ಸಾಕು, ಅಲ್ಲಿಗೆ ಇಳಿದೇಬಿಡುತ್ತದೆ.

ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆ್ಯಸಿಡ್ ವಾಸನೆ ಮನೆಯೊಳಗೆ ಬೇಡ ಅಂತ ಬ್ಯಾಟರಿಯನ್ನು ಸೌದೆ ಕೊಟ್ಟಿಗೆಯಲ್ಲಿ ಇಟ್ಟಿದ್ದೆ. ಅಲ್ಲಿಂದ ಇನ್ವರ್ಟರಿಗೆ ಏಳು ಮೀಟರ್. ಉಳಿದಿದ್ದ 10 ಚದರ ಎಂಎಂ ವಯರ್ ಎಳೆಸಿದೆ. ಮನೆಯ ವೈರಿಂಗಿಗೆ ಅದು ದಪ್ಪದ ವಯರೇ, ಹಾಗಾಗಿ ಧಾರಾಳ ಸಾಕು ಅಂದುಕೊಂಡೆ. ಆದರೆ ಇಸ್ತ್ರಿಪೆಟ್ಟಿಗೆಯ 1000, ಮಿಕ್ಸಿಯ 750 ಸೇರಿ 1750 ವಾಟ್ ಅನ್ನುವುದು 230 ವೋಲ್ಟಿನ ಕಡೆ ಎಂಟು ಆಂಪಿಯರೂ ಅಲ್ಲ. ಅದೇ 24 ವೋಲ್ಟಿನ ಕಡೆ, ಇನ್ವರ್ಟರಿನ ನಷ್ಟವೂ ಸೇರಿ, 84ರ ಸುತ್ತ. ಹೋಗಿ ಬರುವ ದಾರಿ ಲೆಕ್ಕ ಹಾಕಿದರೆ ಏಳಲ್ಲ, 14 ಮೀಟರ್ ತಾಮ್ರ. ಅದರಲ್ಲೇ ಎರಡು ವೋಲ್ಟ್ ಹೋಗುತ್ತದೆ, ಸುತ್ತಿಗೆಯಲ್ಲಿ ಬಡಿದು ಕೂರಿಸಿದ ಲಗ್ಗುಗಳಲ್ಲಿ (ಕೇಬಲ್ ತುದಿಗೆ ಹಾಕುವ ಲೋಹದ ಬಳೆ) ಇನ್ನರ್ಧ. ಅರ್ಧ ಇಂಚಿನ ಪೈಪಿನಲ್ಲಿ ಇಡೀ ತೋಟದ ಸ್ಪ್ರಿಂಕ್ಲರ್ ಓಡಿಸಲು ಹೊರಟ ಹಾಗೆ. ಸುಮಾರು 200 ವಾಟ್ ಬರೀ ವಯರ್ ಬಿಸಿ ಮಾಡಲು ಖರ್ಚಾಗುತ್ತಿತ್ತು. ಕೊಟ್ಟಿಗೆಯ ಲಗ್ಗು ಮುಟ್ಟಿದ ಭಾವ ಬೆರಳು ಚೀಪಿಕೊಂಡರು. ಅಲ್ಲೇ ಪಕ್ಕದಲ್ಲಿ ಒಣ ಸೌದೆ.

ಬ್ಯಾಟರಿಯನ್ನು ಇನ್ವರ್ಟರಿನ ಗೋಡೆಯ ಹೊರಮೈಗೆ ತಂದೆವು, ಗಾಳಿಯಾಡುವ ಗೂಡು ಕಟ್ಟಿಸಿ. ಎರಡು ಮೀಟರ್ ದೂರ, 35 ಚದರ ಎಂಎಂ ಕೇಬಲ್, ಲಗ್ಗನ್ನು ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಿಸಿದ್ದು, ಬ್ಯಾಟರಿಯ ಪಕ್ಕದಲ್ಲೇ ಡಿಸಿ ಫ್ಯೂಸ್. ಮನೆಯ ಎಸಿ ಎಂಸಿಬಿ ಅಲ್ಲಿ ಹಾಕಿಸಬೇಡಿ, ಡಿಸಿಯ ಕಿಡಿಯನ್ನು ಅದು ಸರಿಯಾಗಿ ಆರಿಸುವುದಿಲ್ಲ. ಇನ್ವರ್ಟರ್ ಹಳೆಯದೇ. ಕೂಗು ನಿಂತಿತು.

ನಿಮಗೆ 5 ಕೆವಿಎ ಬೇಡ ಅನ್ನಲು ಇನ್ನೂ ಕಾರಣ ಇದೆ. ಆ ಗಾತ್ರದವು ಸಾಮಾನ್ಯವಾಗಿ 48 ವೋಲ್ಟಿನವು, ನಿಮ್ಮ ಎರಡು ಬ್ಯಾಟರಿ ಸಾಲದು, ನಾಲ್ಕು ಬೇಕು. ಮೇಲಾಗಿ ದೊಡ್ಡ ಇನ್ವರ್ಟರ್ ಸುಮ್ಮನೆ ಕೂತರೂ ಹೆಚ್ಚು ತಿನ್ನುತ್ತದೆ. ಖಾಲಿ ಓಡಲು 40 ವಾಟ್ ಬೇಕೆಂದರೆ ದಿನಕ್ಕೆ ಹತ್ತಿರ ಹತ್ತಿರ ಒಂದು ಯೂನಿಟ್. ಆರಿದ್ರಾ, ಪುನರ್ವಸು ಮಳೆಯ ದಿನಗಳಲ್ಲಿ ನಮ್ಮ ನಾಲ್ಕು ಪ್ಯಾನೆಲ್ಲಿಂದ ಬರುವುದೇ ಅಷ್ಟು.

ಇನ್ನು ಗೀಸರ್, ಇಂಡಕ್ಷನ್ ಆಸೆ. ನಿಮ್ಮ ಬ್ಯಾಟರಿಯಲ್ಲಿರುವುದು 3.6 ಯೂನಿಟ್. ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಅಂದರೆ ಬಳಸಲು ಸಿಗುವುದು 1.8. ಒಬ್ಬರ ಸ್ನಾನಕ್ಕೆ 15 ಲೀಟರ್ ನೀರನ್ನು 20 ಡಿಗ್ರಿಯಿಂದ 55ಕ್ಕೆ ಕಾಯಿಸಲು 0.6 ಯೂನಿಟ್ ಬೇಕು. ಮೂರು ಜನ ಮಿಂದು ಬಂದರೆ ರಾತ್ರಿಗೆ ದೀಪವಿಲ್ಲ. ಬಚ್ಚಲೊಲೆ, ಅಡಿಕೆ ಸಿಪ್ಪೆ, ತಾಮ್ರದ ಹಂಡೆ ಇರುವಾಗ ಬ್ಯಾಟರಿಯಲ್ಲಿ ನೀರು ಕಾಯಿಸುವುದು ನನ್ನ ಪ್ರಕಾರ ಶುದ್ಧ ಹುಚ್ಚು. ಅಡುಗೆಗೆ ಗ್ಯಾಸ್. ಫ್ರಿಜ್ ಇರಲಿ, ಸಿಂಗಲ್ ಡೋರಿನ 5 ಸ್ಟಾರ್ ಆದರೆ ದಿನಕ್ಕೆ ಅರ್ಧ ಯೂನಿಟ್ ಆಸುಪಾಸು. ವಾಷಿಂಗ್ ಮೆಷಿನ್ ತಣ್ಣೀರಲ್ಲಿ, ಮಟಮಟ ಮಧ್ಯಾಹ್ನ. ಇಸ್ತ್ರಿಯೂ ಆಗಲೇ, ಪ್ಯಾನೆಲ್ ಕೊಡುತ್ತಿರುವಾಗ. ಇನ್ವರ್ಟರ್ ಸೈನ್‌ವೇವ್ (ಲೈನ್ ಕರೆಂಟಿನ ಹಾಗೆ ನಯವಾದ ಅಲೆ ಕೊಡುವಂಥದ್ದು) ಹೌದೋ ಅಲ್ಲವೋ ನೋಡಿಕೊಳ್ಳಿ. ಸ್ಕ್ವೇರ್‌ವೇವ್ ಆದರೆ ಮೋಟಾರು ಗುಂಯ್‌ಗುಡುತ್ತಾ ಬಿಸಿಯಾಗುತ್ತದೆ.

ದುಡ್ಡು ಹಾಕಲೇಬೇಕು ಅಂತಿದ್ದರೆ ತೋಟದ ಮೇಲೆ ಟರ್ಬೈನ್ ತಿರುಗಿಸುವಷ್ಟು ಅಬ್ಬಿ ನೀರಿದೆಯಾ ನೋಡಿ. 20 ಮೀಟರ್ ಎತ್ತರದಿಂದ ಸೆಕೆಂಡಿಗೆ 10 ಲೀಟರ್ ಬಿದ್ದರೆ ಲೆಕ್ಕಕ್ಕೆ ಎರಡು ಕಿಲೋವಾಟ್, ಅರ್ಧ ನಷ್ಟ ಅಂದರೂ ಒಂದು. ಹಗಲೂ ರಾತ್ರಿ ಓಡಿದರೆ ದಿನಕ್ಕೆ 24 ಯೂನಿಟ್, ಅದೂ ಸೂರ್ಯ ಮುಖ ತೋರಿಸದ ಮಳೆಗಾಲದಲ್ಲೇ. ಮಲೆನಾಡಿನಲ್ಲಿ ಇಂಥ ಪುಟ್ಟ ಟರ್ಬೈನ್ ಇಟ್ಟುಕೊಂಡ ಮನೆಗಳು ಬೇಕಾದಷ್ಟಿವೆ. ಬಳಸದೆ ಉಳಿದ ಕರೆಂಟನ್ನು ಕಂಟ್ರೋಲರ್ ಎಲ್ಲಿಗಾದರೂ ಸುರಿಯಲೇಬೇಕು, ಸಾಮಾನ್ಯವಾಗಿ ನೀರು ಕಾಯಿಸುವ ಹೀಟರ್ ಕಾಯಿಲ್‌ಗೆ ಸುರಿಸುತ್ತಾರೆ. ನಿಮಗೆ ಬೇಕಾದ ಗೀಸರ್ ಅಲ್ಲಿದೆ.

ಸದ್ಯಕ್ಕೆ ಲೋಡ್ ಹಾಕಿ ಎರಡೂ ತುದಿಯಲ್ಲಿ ವೋಲ್ಟ್ ಅಳೆದು, ಕೇಬಲ್ ಉದ್ದ, ದಪ್ಪ ಎಷ್ಟು ಅಂತ ಇಲ್ಲೇ ಬರೆಯಿರಿ. ಅಲ್ಲಿಯವರೆಗೆ ಅಂಗಡಿಯ ಕಡೆ ತಲೆ ಹಾಕಬೇಡಿ.