ಎರಡು ಜಿಯಾನ್, ಒಂದು 3080: 750 ವ್ಯಾಟ್ ಸಾಕಾಗುವುದಿಲ್ಲ
ಎರಡು ಇಂಟೆಲ್ ಜಿಯಾನ್ ಇ5-2680 ವಿ4 ಪ್ರೊಸೆಸರ್ ಮತ್ತು ಆರ್‌ಟಿಎಕ್ಸ್ 3080 ಗ್ರಾಫಿಕ್ಸ್ ಕಾರ್ಡಿಗೆ ನಿಮ್ಮ ಕೈಯಲ್ಲಿರುವ 750 ವ್ಯಾಟ್ ಪವರ್ ಸಪ್ಲೈ ನಡೆಯುತ್ತದೆಯೇ ಎಂದು ಕೇಳಿದ್ದೀರಿ, ಅದರಲ್ಲಿ ಸಿಪಿಯುಗೆ ಒಂದೇ ಕೇಬಲ್ ಇದೆ ಎಂದಿದ್ದೀರಿ. ದಯವಿಟ್ಟು ಹಾಕಬೇಡಿ.

ಲೆಕ್ಕ ನೋಡಿ: ಪ್ರೊಸೆಸರ್ ತಲಾ 120, ಅಂದರೆ 240 ವ್ಯಾಟ್. ಕಾರ್ಡಿಗೆ 320. ಎಂಟು ರ‍್ಯಾಮ್, ಬೋರ್ಡ್, ಡಿಸ್ಕ್, ಫ್ಯಾನ್ ಸೇರಿ ಸುಮಾರು 100. ಒಟ್ಟು 660. ಆಟದಲ್ಲಿ ಎರಡೂ ಪ್ರೊಸೆಸರ್ ಪೂರ್ತಿ ದುಡಿಯುವುದು ಅಪರೂಪ, ನಿಜ. ಆದರೆ 3080 ಕೆಲವು ಮಿಲಿಸೆಕೆಂಡು ತನ್ನ ಮಿತಿಗಿಂತ ಬಹಳ ಮೇಲೆ ಜಿಗಿಯುತ್ತದೆ. ಆಗಲೇ ಯಂತ್ರ ಎಚ್ಚರಿಕೆಯಿಲ್ಲದೆ ಆಫ್ ಆಗುವುದು. ಒಳ್ಳೆಯ 1000 ವ್ಯಾಟ್ ಗೋಲ್ಡ್ (ಕರೆಂಟ್ ಪೋಲು ಕಡಿಮೆ ಎಂಬ ದರ್ಜೆ) ಪವರ್ ಸಪ್ಲೈ ತೆಗೆದುಕೊಳ್ಳಿ.

ವ್ಯಾಟ್‌ಗಿಂತ ಮುಖ್ಯವಾದದ್ದು ಕೇಬಲ್. ಸಾಮಾನ್ಯವಾಗಿ ಇಂಥ ಬೋರ್ಡಿನಲ್ಲಿ ಪ್ರತಿ ಪ್ರೊಸೆಸರ್‌ಗೂ ಒಂದು 8 ಪಿನ್ ಇಪಿಎಸ್ (ಸಿಪಿಯುಗೆ ಕರೆಂಟ್ ಕೊಡುವ ಕನೆಕ್ಟರ್) ಬೇಕು, ಎರಡೂ ಪವರ್ ಸಪ್ಲೈನಿಂದಲೇ ನೇರವಾಗಿ ಬರಬೇಕು. ಮೋಲೆಕ್ಸ್‌ನಿಂದ (ಡಿಸ್ಕ್, ಫ್ಯಾನಿಗೆ ಹಾಕುವ ಹಳೆಯ 4 ಪಿನ್ ಕನೆಕ್ಟರ್) ಇಪಿಎಸ್ ಮಾಡುವ ಅಗ್ಗದ ಅಡಾಪ್ಟರ್ ಬಿಸಿಯಾಗಿ ಕರಗಬಹುದು. ಗ್ರಾಫಿಕ್ಸ್ ಕಾರ್ಡಿನ 8 ಪಿನ್ ನೋಡಲು ಹಾಗೇ ಇದ್ದರೂ ಅದರಲ್ಲಿ 12 ವೋಲ್ಟಿನ ತಂತಿ ಮೂರು, ಇಪಿಎಸ್‌ನಲ್ಲಿ ನಾಲ್ಕು, ಜಾಗವೂ ತಿರುಗುಮುರುಗು. ಒತ್ತಿ ತುರುಕಿದರೆ ಶಾರ್ಟ್. ಹಳೆಯ ಪವರ್ ಸಪ್ಲೈನ ಮಾಡ್ಯುಲರ್ (ಬಿಚ್ಚಿ ತೆಗೆಯಬಹುದಾದ) ಕೇಬಲ್‌ಗಳನ್ನೂ ಹೊಸದಕ್ಕೆ ಹಾಕಬೇಡಿ, ಪ್ಲಗ್ ಕೂತರೂ ಒಳಗಿನ ಪಿನ್ ಕ್ರಮ ಬೇರೆಯಿರಬಹುದು. ಡಿಸ್ಕ್‌ಗಳು ಸುಡುವುದು ಹೀಗೇ.

ಕಾರ್ಡಿನ ಪ್ರತಿ 8 ಪಿನ್‌ಗೂ ಪ್ರತ್ಯೇಕ ಕೇಬಲ್ ಎಳೆಯಿರಿ, ಒಂದೇ ಕೇಬಲಿನ ಎರಡು ತುದಿ ಬಳಸಬೇಡಿ.

ಇನ್ನೊಂದು ಮಾತು, ಮನೆಯ ಸಾಧಾರಣ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್ ಮಾತ್ರ. ಆಟದ ನಡುವೆ ಕರೆಂಟ್ ಹೋದರೆ ಅದು ಈ ಹೊರೆ ಹೊರುವುದಿಲ್ಲ.